ಹಬ್ಸಿಕೋಟದಿಂದ ಹಳಿಯಾಳದವರೆಗೆ

ಹಬ್ಸಿಕೋಟ ಎಂಬ ಹೆಸರು ಚಿದ್ರಿಯವರಿಗೆ ಹೊಸದಲ್ಲ. ಬೀದರ್ ನಗರದ ಪೂರ್ವ ಅಂಚಿನ ಆ ದಿಬ್ಬ, ಅಲ್ಲಿಯ ಅತಿಥಿಗೃಹ, ಮಂತ್ರಿಗಳು ಬಂದಾಗ ಸಾಲುಗಟ್ಟುವ ಮೋಟಾರುಗಳು ಎಲ್ಲರಿಗೂ ಗೊತ್ತು. ಆದರೆ ಆ ಹೆಸರು ಯಾರದ್ದು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆಫ್ರಿಕಾ ಖಂಡದ ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾ ದೇಶಕ್ಕೆ ಅರಬರು 'ಹಬಶ್' ಎನ್ನುತ್ತಿದ್ದರು. ಅಲ್ಲಿಂದ ಬಂದವರು ಹಬ್ಶಿಗಳು. ನಮ್ಮ ಬಾಯಲ್ಲಿ ಅದು ಹಬ್ಸಿ ಆಯಿತು. ಆ ದಿಬ್ಬದ ಮೇಲೆ ಹಬ್ಸಿ ಸರದಾರರ ಗೋರಿಗಳಿವೆ. ನಮ್ಮ ಕಡೆಯ ದಖ್ಖನಿ ಮಾತಿನಲ್ಲಿ ಇದೇ ಶಬ್ದ ಬೈಗುಳವೂ ಹೌದು. ಮೈಬಣ್ಣ ತುಸು ಕಪ್ಪಗಿದ್ದ ಹುಡುಗನಿಗೆ 'ಹಬ್ಸಿ' ಎನ್ನುತ್ತಾರೆ, ಊಟಕ್ಕೆ ಕೂತು ಗಬಗಬ ತಿನ್ನುವವನಿಗೂ ಹಾಗೆಯೇ ಅನ್ನುತ್ತಾರೆ.

ಈ ಶಾಲೆಯ ಮೊದಲ ಕೆಲವು ತಂಡಗಳಲ್ಲಿ ಕಲಿತವನು ನಾನು. ಮುಂದೆ ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಕೋಟೆಯ ಬಗ್ಗೆ, ಬಿದರಿ ಕಲೆಯ ಬಗ್ಗೆ ಬರೆಯಬಹುದಿತ್ತು. ಅವನ್ನು ಬರೆಯುವವರು ಬಹಳ ಜನ ಇದ್ದಾರೆ. ವರ್ಣಭೇದದ ಪಾಠ ಬಂದಾಗಲೆಲ್ಲ ನಮ್ಮ ಪಠ್ಯಪುಸ್ತಕ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತದೆ, ಅಮೆರಿಕಕ್ಕೆ ಹೋಗುತ್ತದೆ. ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದ ಹೆಸರನ್ನು ಮಕ್ಕಳು ನಾಲಗೆ ತಿರುಗಿಸಿ ಬಾಯಿಪಾಠ ಮಾಡುತ್ತಾರೆ. ಹಬ್ಸಿಕೋಟಕ್ಕೆ ಮಾತ್ರ ಪಾಠ ಬರುವುದಿಲ್ಲ. ಅದಕ್ಕಾಗಿ ಈ ಲೇಖನ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ. ಆಗಿನ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ದಖ್ಖನಿಗಳದ್ದು ಒಂದು ಬಣ. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದ ಆಫಾಕಿಗಳದ್ದು ಇನ್ನೊಂದು. ಹಬ್ಸಿಗಳೂ ಕಡಲು ದಾಟಿ ಬಂದವರೇ. ಲೆಕ್ಕದ ಪ್ರಕಾರ ಅವರೂ ಹೊರಗಿನವರೇ ಆಗಬೇಕು. ಆದರೆ ಆಫಾಕಿಗಳು ಅವರನ್ನು ತಮ್ಮವರೆಂದು ಎಣಿಸಲಿಲ್ಲ. ಹಬ್ಸಿಗಳು ಬಂದದ್ದು ಗುಲಾಮರಾಗಿ, ಅವರ ಬಣ್ಣ ಕಪ್ಪು. ಹೀಗಾಗಿ ಅವರು ದಖ್ಖನಿಗಳ ಜೊತೆ ಸೇರಿದರು. ಈ ಜಗಳವೆಲ್ಲ ಬಣ್ಣದ ಜಗಳವೇ ಎಂದು ನಾನು ಹೇಳುವುದಿಲ್ಲ. ಹುದ್ದೆ, ಜಾಗೀರು, ಶಿಯಾ-ಸುನ್ನಿ ಭೇದ ಎಲ್ಲವೂ ಅದರಲ್ಲಿದ್ದವು. ಆದರೆ ಬಣ್ಣವೂ ಹುಟ್ಟೂ ಲೆಕ್ಕಕ್ಕೆ ಬರುತ್ತಿದ್ದವು ಎಂಬುದಕ್ಕೆ ಹಬ್ಸಿಗಳು ಯಾವ ಸಾಲಿನಲ್ಲಿ ನಿಲ್ಲಬೇಕಾಯಿತು ಎಂಬುದೇ ಸಾಕ್ಷಿ.

ಮಹಮೂದ್ ಗವಾನನ ಕಥೆ ಬೀದರಿನ ಪ್ರತಿ ಮಗುವಿಗೂ ಗೊತ್ತು. ಇರಾನಿನ ಗಿಲಾನ್ ಪ್ರಾಂತದಿಂದ 1453ರಲ್ಲಿ ಬೀದರಿಗೆ ಬಂದವನು, ಪ್ರಧಾನಿಯಾದವನು, 1472ರಲ್ಲಿ ಮದರಸಾ ಕಟ್ಟಿಸಿದವನು. ತಾನು ಆಫಾಕಿಯಾಗಿದ್ದರೂ ಹುದ್ದೆಗಳನ್ನು ಎರಡೂ ಬಣಗಳಿಗೆ ಹಂಚಿದ. ಕಲಬುರ್ಗಿಯನ್ನು ದಸ್ತೂರ್ ದೀನಾರ್ ಎಂಬ ಹಬ್ಸಿಗೆ, ಮಾಹೂರನ್ನು ಖುದಾವಂದ್ ಖಾನ್ ಎಂಬ ಇನ್ನೊಬ್ಬ ಹಬ್ಸಿಗೆ ವಹಿಸಲಾಗಿತ್ತು. 1481ರ ಏಪ್ರಿಲ್‌ನಲ್ಲಿ ಸುಲ್ತಾನ ಮೂರನೆಯ ಮಹಮ್ಮದ್ ಷಾ ಕೊಂಡಪಲ್ಲಿಯ ದಂಡಿನಲ್ಲಿದ್ದಾಗ, ಗವಾನನ ಮೊಹರು ಒತ್ತಿದ ಒಂದು ಪತ್ರ ಅವನ ಕೈಗೆ ಬಂತು. ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆದಂತಿದ್ದ ಆ ಪತ್ರ ಖೊಟ್ಟಿ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಲಿಲ್ಲ. ಅಲ್ಲೇ ತಲೆ ಕಡಿಸಿದ. ಗೋರನಳ್ಳಿಯಲ್ಲಿರುವ ಗವಾನನ ಸಾದಾ ಗೋರಿಯನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ.

ಈ ಕಥೆಯನ್ನು ಹೇಳುವ ರೀತಿಯನ್ನು ಸ್ವಲ್ಪ ಗಮನಿಸಬೇಕು. ಪರ್ಶಿಯನ್ ಇತಿಹಾಸಕಾರ ಫರಿಷ್ತಾನ ಪ್ರಕಾರ ಮೊಹರು ಕಾಯುತ್ತಿದ್ದವನು ಒಬ್ಬ ಹಬ್ಸಿ ಗುಲಾಮ. ಅವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ತಲೆ ಕಡಿದವನು ಜೌಹರ್, ಅವನೂ ಹಬ್ಸಿ. ಸಂಚಿನ ಮುಂದಾಳು ಮಾತ್ರ ದಖ್ಖನಿ ಸರದಾರ ಹಸನ್ ನಿಜಾಮ್-ಉಲ್-ಮುಲ್ಕ್. ಆಜ್ಞೆ ಕೊಟ್ಟವನು ಸುಲ್ತಾನ. ಅವರಿಗೆಲ್ಲ ಬಿರುದುಗಳಿವೆ, ಹುದ್ದೆಗಳಿವೆ. ಆದರೆ ಮೋಸ ಹೋದ ಗುಲಾಮನಿಗೂ ಹುಕುಂ ಪಾಲಿಸಿದ ಕತ್ತಿಯವನಿಗೂ ಕಥೆಯುದ್ದಕ್ಕೂ ಅಂಟಿಕೊಂಡ ಗುರುತು ಒಂದೇ, ಹಬ್ಸಿ. ಸುಲ್ತಾನನ ತಪ್ಪು ಸುಲ್ತಾನನೊಬ್ಬನದೇ ಆಗುತ್ತದೆ. ಗುಲಾಮನ ತಪ್ಪು ಮಾತ್ರ ಅವನ ಕುಲದ್ದಾಗುತ್ತದೆ. ನಾನು ತರಗತಿಯಲ್ಲಿ ಈ ಪಾಠ ಮಾಡಿದ ಮೇಲೆ 'ಗವಾನನನ್ನು ಕೊಂದವರು ಯಾರು' ಎಂದು ಕೇಳುತ್ತಿದ್ದೆ. 'ಹಬ್ಸಿ ಸರ್' ಎಂಬ ಉತ್ತರ ಎಷ್ಟೋ ಸಲ ಬಂದಿದೆ. 'ಸುಲ್ತಾನ' ಎಂದವರು ಕಡಿಮೆ.

ಆರು ವರ್ಷದ ನಂತರ, 1487ರ ನವೆಂಬರ್‌ನಲ್ಲಿ, ಇದೇ ಬೀದರ್ ಕೋಟೆಯೊಳಗೆ ಇನ್ನೊಂದು ಘಟನೆ ನಡೆಯಿತು. ಇದು ನಮ್ಮ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಕೆಲವು ಕಡೆ ಅದೂ ಇಲ್ಲ. ಎಳೆಯ ಸುಲ್ತಾನ ಮಹಮೂದ್ ಷಾನನ್ನು ಕೊಲ್ಲಲು ದಖ್ಖನಿ ಮತ್ತು ಹಬ್ಸಿ ಸರದಾರರು ಕೆಲವರು ರಾತ್ರಿ ಅರಮನೆಗೆ ನುಗ್ಗಿದರು. ತುರ್ಕಿ ಕಾವಲುಗಾರರು ಸುಲ್ತಾನನನ್ನು ಉಳಿಸಿದರು. ಬೆಳಗಾದ ಮೇಲೆ ಸುಲ್ತಾನ ಮಾಡಿದ ಆಜ್ಞೆ ಸಂಚುಗಾರರನ್ನು ಹಿಡಿಯಿರಿ ಎಂದಷ್ಟೇ ಆಗಿರಲಿಲ್ಲ. ಊರಿನಲ್ಲಿ ಕಂಡ ದಖ್ಖನಿಗಳನ್ನೂ ಹಬ್ಸಿಗಳನ್ನೂ ಕೊಲ್ಲಿರಿ ಎಂದಾಗಿತ್ತು. ಮೂರು ದಿನ ಬೀದರಿನಲ್ಲಿ ಕೊಲೆ ನಡೆಯಿತು.

ಇಲ್ಲಿ ಒಂದು ವಿಷಯ ಯೋಚಿಸಿ ನೋಡಿ. ದಖ್ಖನಿಯೊಬ್ಬ ಉಡುಪು ಬದಲಿಸಿ, ಮಾತು ಬದಲಿಸಿ ಪಾರಾಗಬಹುದು. ಹಬ್ಸಿ ಏನು ಬದಲಿಸಿಯಾನು? ಅರಮನೆಯ ಸಂಚಿಗೂ ತನಗೂ ಸಂಬಂಧವೇ ಇಲ್ಲದ ಕುದುರೆ ಕಾಯುವವನಿಗೆ, ನೀರು ಹೊರುವವನಿಗೆ ಅವನ ಮೈಯೇ ಸಾಕ್ಷಿ, ಮೈಯೇ ತೀರ್ಪು. ಇದಕ್ಕೆ ನಲವತ್ತು ವರ್ಷ ಮೊದಲು ಚಾಕಣದಲ್ಲಿ ದಖ್ಖನಿ ಬಣದ ಕುತಂತ್ರದಿಂದ ಆಫಾಕಿಗಳ ಕಗ್ಗೊಲೆಯಾಗಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಎರಡೂ ಕಡೆ ನಡೆದದ್ದು ಒಂದೇ. ಒಬ್ಬ ಮಾಡಿದ್ದಕ್ಕೆ ಗುಂಪಿಗೆ ಶಿಕ್ಷೆ.

ಹಬ್ಸಿಗಳು ದೊಡ್ಡ ಪದವಿಗೆ ಏರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಏರಿದರು, ಅದು ದಖ್ಖನ್ನಿನ ಹೆಮ್ಮೆಯೇ ಸರಿ. ಅಮೆರಿಕದಲ್ಲಿ ಗುಲಾಮನ ಮಗ ಗುಲಾಮನೇ ಆಗಬೇಕಿತ್ತು. ಇಲ್ಲಿ ಗುಲಾಮ ಸೇನಾಪತಿಯಾದ, ಪ್ರಧಾನಿಯಾದ. ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಅಹಮದ್‌ನಗರಕ್ಕೆ ಬಂದ. ಅವನನ್ನು ಕೊಂಡ ಅಲ್ಲಿಯ ಪೇಶ್ವೆ ಚಂಗೇಜ್ ಖಾನನೂ ಹಬ್ಸಿಯೇ. ಅಂಬರ್ ಮುಂದೆ ಇಡೀ ಅಹಮದ್‌ನಗರ ರಾಜ್ಯವನ್ನು ಆಳಿದ, ಖಡಕಿ ಎಂಬ ಊರು ಕಟ್ಟಿದ. ಅದೇ ಮುಂದೆ ಔರಂಗಾಬಾದ್ ಆಯಿತು. 1626ರಲ್ಲಿ ಸಾಯುವವರೆಗೆ ಮೊಗಲರಿಗೆ ಅವನು ಬಗ್ಗಲಿಲ್ಲ. ಬಾದಷಹಾ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನನ್ನು ಬಣ್ಣ ಹಿಡಿದು ಬೈದಿದ್ದಾನೆ. ಯುದ್ಧದಲ್ಲಿ ಸೋಲಿಸಲಾಗದವನ ತಲೆಗೆ ತಾನು ಬಾಣ ಹೊಡೆಯುವಂತೆ ಚಿತ್ರ ಬರೆಸಿಕೊಂಡ. ಆ ಚಿತ್ರ ಇಂದಿಗೂ ಇದೆ. ಗೆದ್ದ ಹಬ್ಸಿಗೂ ಬಣ್ಣದ ಬೈಗುಳ ತಪ್ಪಲಿಲ್ಲ.

ನಮ್ಮ ಬೀದರಿಗೂ ಇಂಥವನೊಬ್ಬ ಇದ್ದ. ಬೀದರ್ 1619ರಲ್ಲಿ ಬಿಜಾಪುರದ ಆದಿಲ್‌ಶಾಹಿಗೆ ಸೇರಿತು. ಮೊಗಲ್ ಶಹಜಾದೆ ಔರಂಗಜೇಬ್ 1657ರಲ್ಲಿ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಕಿಲ್ಲೇದಾರನಾಗಿದ್ದವನು ಸಿದ್ದಿ ಮರ್ಜಾನ್, ಮುದುಕ. 27 ದಿನ ಕೋಟೆ ಕಾಯ್ದ. ಕೊನೆಗೆ ಮೊಗಲರ ಬೆಂಕಿ ಮದ್ದಿನ ದಾಸ್ತಾನಿಗೆ ತಗಲಿ ಸಿಡಿದು, ಮರ್ಜಾನನ ಮೈ ಸುಟ್ಟಿತು. ಹಾಸಿಗೆಯಿಂದಲೇ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿ ಕಳಿಸಿ ಪ್ರಾಣ ಬಿಟ್ಟ. ಕೋಟೆ ನೋಡಲು ಹೋಗುವ ನಮ್ಮ ಮಕ್ಕಳಿಗೆ ತೋಪುಗಳ ಉದ್ದ ಎಷ್ಟು ಎಂದು ಹೇಳುತ್ತೇವೆ. ಆ ಗೋಡೆಯ ಮೇಲೆ ನಿಂತು ಬೀದರ್ ಕಾಯ್ದವನ ಹೆಸರು ಹೇಳುವುದಿಲ್ಲ.

ಹೀಗೆ ಬೆಳಗಿದ ಹೆಸರುಗಳನ್ನು ಬೆರಳೆಣಿಸಬಹುದು. ಅವರ ಹಿಂದೆ ಹೆಸರಿಲ್ಲದೆ ಮಾರಾಟವಾದವರು ಎಷ್ಟು ಸಾವಿರವೋ! ಮರ್ಜಾನ್ ಕಿಲ್ಲೇದಾರನಾದ ಕಾಲದಲ್ಲೇ ಇತ್ತ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ವ್ಯಾಪಾರ ಜೋರಾಗಿತ್ತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗುಗಳಲ್ಲಿ ಆಫ್ರಿಕದ ಜನರನ್ನು ತಂದು ಮಾರುತ್ತಿದ್ದರು. ಗೋವಾದ ಹಿಂಸೆ ತಾಳದೆ ಓಡಿಬಂದವರು, ಬಿಡುಗಡೆಯಾಗಿ ಬಂದವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾ, ಪಕ್ಕದ ಖಾನಾಪುರ, ಕಲಘಟಗಿ ತಾಲ್ಲೂಕುಗಳಲ್ಲಿ ಇಂದು ಇರುವ ಸಿದ್ದಿಗಳು ಬಹುಪಾಲು ಅವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಹಳೆ ಬಟ್ಟೆಯ ತುಂಡು ಜೋಡಿಸಿ ಅವರ ಹೆಂಗಸರು ಹೊಲಿಯುವ ಕೌದಿ ನಮ್ಮ ಅಜ್ಜಿಯರ ಕೌದಿಯ ಅಕ್ಕತಂಗಿ. ನಿಜಾಮರ ಹೈದರಾಬಾದಿನಲ್ಲೂ ಹಬ್ಸಿ ಕುದುರೆ ಸವಾರರ ಪಡೆ ಇತ್ತು. ಬೀದರಿನಿಂದ ಆಸ್ಪತ್ರೆಗೆಂದೋ ವ್ಯಾಪಾರಕ್ಕೆಂದೋ ಹೈದರಾಬಾದಿಗೆ ಹೋಗುವವರು ದಾಟುವ 'ಎ.ಸಿ. ಗಾರ್ಡ್ಸ್' ಎಂಬ ಬಡಾವಣೆಯ ಹೆಸರಿನ ಮೊದಲಕ್ಷರ ಆಫ್ರಿಕನ್ ಎಂಬುದರದ್ದು. ಸಂಸ್ಥಾನ ಹೋದ ಮೇಲೆ ಆ ಪಡೆಯೂ ಹೋಯಿತು, ನೌಕರಿಯೂ ಹೋಯಿತು.

ಕಾಡು ಸೇರಿದ ಸಿದ್ದಿಗಳಿಗೆ ಸ್ವಾತಂತ್ರ್ಯ ಸಿಕ್ಕಿತು ಎನ್ನಲು ಮನಸ್ಸಾಗುತ್ತದೆ. ಸಿಕ್ಕದ್ದು ಕೂಲಿ. ತೋಟಗಳಲ್ಲಿ ದುಡಿತ, ಮದುವೆಗೆ ಮುಂಗಡ, ತೀರದ ಸಾಲ. ಕಾಡು ಕಡಿದು ಮಾಡಿಕೊಂಡ ತುಂಡು ಭೂಮಿಗೆ ಕಾಗದಪತ್ರವಿಲ್ಲ. ಅರಣ್ಯ ಕಾಯ್ದೆ ಬಂದ ಮೇಲೆ ಅವರು ತಮ್ಮ ಹೊಲದಲ್ಲೇ ಅತಿಕ್ರಮಣದಾರರು. ಇನ್ನು ಪೇಟೆಗೆ ಬಂದರೆ, 'ನೀವು ಯಾವ ದೇಶದವರು' ಎಂಬ ಪ್ರಶ್ನೆ. ಕನ್ನಡದಲ್ಲೇ ಉತ್ತರ ಕೊಟ್ಟರೂ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. 1980ರ ದಶಕದ ಕೊನೆಗೆ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಟ್ಟಿತು. ಕೆಲವರು ಪದಕ ಗೆದ್ದರು, ಕೆಲವರಿಗೆ ನೌಕರಿಯೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಒಳ್ಳೆಯ ಉದ್ದೇಶವೇ ಇರಬಹುದು. ಆದರೂ ನನಗೆ ಒಂದು ಕೊರಗು ಇದೆ. ಸರಕಾರದ ಕಣ್ಣಿಗೆ ಅವರು ಮೊದಲು ಬಿದ್ದದ್ದು ಆಫ್ರಿಕದ ಕಾಲುಗಳಾಗಿ. ಭೂಮಿ ಇಲ್ಲದ, ಶಾಲೆ ಇಲ್ಲದ ಕನ್ನಡ ನಾಡಿನ ರೈತಕೂಲಿಗಳಾಗಿ ಅಲ್ಲ.

ಈಗ ನ್ಯಾಯದ ಮಾತಿಗೆ ಬರುತ್ತೇನೆ. ಇದನ್ನು ಹಳೆಯ ವಿದ್ಯಾರ್ಥಿಗಳು, ಅದರಲ್ಲೂ ವಕೀಲಿ ಮಾಡುವವರು, ಗಮನವಿಟ್ಟು ಓದಬೇಕೆಂದು ನನ್ನ ಕೋರಿಕೆ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದಲ್ಲಿ ಭೇದ ಮಾಡಕೂಡದು ಎನ್ನುತ್ತದೆ. ಅಲ್ಲಿ 'ಜನಾಂಗ' ಎಂಬ ಶಬ್ದ ಇದೆ. ಆದರೆ ಒಬ್ಬ ಸಿದ್ದಿ ಹೆಂಗಸನ್ನು ಸಂತೆಯಲ್ಲಿ ಯಾರಾದರೂ ಬಣ್ಣ ಎತ್ತಿ ಬೈದರೆ, ಹೊಡೆದರೆ, ಅವಳು ಠಾಣೆಗೆ ಹೋಗಿ ಯಾವ ಕಾಯ್ದೆಯಡಿ ದೂರು ಕೊಡಬೇಕು? ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂತು. ಅದರಲ್ಲಿ ವಿಶೇಷ ನ್ಯಾಯಾಲಯ ಇದೆ, ಆರೋಪಿಗೆ ನಿರೀಕ್ಷಣಾ ಜಾಮೀನಿಗೆ ತಡೆ ಇದೆ. ಆದರೆ ಆ ಕಾಯ್ದೆಯ ರಕ್ಷಣೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಸಿದ್ದಿಗಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸಂಘ ಕಟ್ಟಿ, ಮನವಿ ಕೊಟ್ಟು, ಬೆಂಗಳೂರಿಗೂ ದೆಹಲಿಗೂ ಅಲೆದ ಮೇಲೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವಾದರು. ಸಂವಿಧಾನ ಜಾರಿಯಾಗಿ ಅಷ್ಟರಲ್ಲಿ 53 ವರ್ಷ.

ಆ ಒಂದು ಸಾಲಿನ ಬೆಲೆ ಏನು ಎಂಬುದು 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಕಾಣಿಸಿತು. ಕಾಡಿನ ಭೂಮಿಗೆ ಹಕ್ಕು ಕೇಳುವವನು ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿದ್ದುದನ್ನು ತೋರಿಸಿದರೆ ಸಾಕು. ಪಂಗಡದವನಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಅಡಗಿದವನ ಮೊಮ್ಮಗನಿಂದ 75 ವರ್ಷದ ಪುರಾವೆ ಕೇಳುವುದು! ಅಡಗಿದವನು ದಾಖಲೆ ಇಟ್ಟಾನೆಯೇ? ಹಳಿಯಾಳ, ಯಲ್ಲಾಪುರದವರು ಪಂಗಡದ ಸಾಲಿಗೆ ಬಂದಿದ್ದರು. ಜಿಲ್ಲೆಯ ಗಡಿಯ ಆಚೆ ಖಾನಾಪುರದಲ್ಲಿ, ಕಲಘಟಗಿಯಲ್ಲಿ ಅವರ ರಕ್ತಸಂಬಂಧಿಗಳೇ ಇದ್ದರು. ಅಕ್ಕ ಪರಿಶಿಷ್ಟ ಪಂಗಡ, ಆಚೆ ಕೊಟ್ಟ ತಂಗಿಯ ಮಕ್ಕಳು ಅಲ್ಲ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನ ಸಭೆ ಹೊಕ್ಕವರಲ್ಲಿ ಅವರೇ ಮೊದಲಿಗರು.

ಪ್ರಮಾಣಪತ್ರದ ತಕರಾರು ನಮ್ಮ ಜಿಲ್ಲೆಗೂ ಹೊಸದಲ್ಲ. ಶಾಲೆಯ ದಾಖಲಾತಿ ರಜಿಸ್ಟರಿನ ಜಾತಿ ಕಾಲಂನಲ್ಲಿ ಯಾವ ಅಕ್ಷರ ಬರೆಯಲಾಗಿದೆ ಎಂಬುದಕ್ಕಾಗಿ ಮೂವತ್ತು ವರ್ಷದ ನಂತರ ಹುಡುಕಿಕೊಂಡು ಬರುವ ತಂದೆತಾಯಿಗಳನ್ನು ಶಿಕ್ಷಕರೆಲ್ಲರೂ ಕಂಡಿದ್ದೇವೆ. ನಮ್ಮ ಕಡೆಯ ಅಸ್ಪೃಶ್ಯತೆಗೂ ವರ್ಣಭೇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಿಬಿಡಬೇಕು. ಅಂಬೇಡ್ಕರರು 1948ರ ತಮ್ಮ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಅಸ್ಪೃಶ್ಯರು ಬೇರೆ ಜನಾಂಗದವರು ಎಂಬ ವಾದವನ್ನು ಒಪ್ಪಲಿಲ್ಲ. ಮೈಬಣ್ಣದಲ್ಲಿ, ಮೂಗಿನ ಅಳತೆಯಲ್ಲಿ ಜಾತಿ ಕಾಣುವುದಿಲ್ಲ ಎಂಬುದೇ ಅವರ ವಾದ. ಆದರೂ ಅವರು 1946ರಲ್ಲಿ ಅಮೆರಿಕದ ಕರಿಯ ಜನರ ವಿದ್ವಾಂಸ ಡು ಬೋಯಿಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟಿದ್ದ ಅರ್ಜಿಯ ಪ್ರತಿ ಕೇಳಿದ್ದರು. ರೋಗ ಬೇರೆಯಾದರೂ ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ಪಾಡು ಒಂದೇ ಎಂಬುದು ಅವರಿಗೆ ಗೊತ್ತಿತ್ತು.

1487ರ ಬೀದರಿಗೆ ಸಮನಾದ ಘಟನೆ ಈಚೆಗೂ ನಡೆದಿದೆ, ಅದೂ ನಮ್ಮ ರಾಜಧಾನಿಯಲ್ಲಿ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನ್ ದೇಶದವನೊಬ್ಬನ ಕಾರು ಹಾಯ್ದು ಒಬ್ಬ ಹೆಂಗಸು ಸತ್ತಳು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಗುಂಪು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ಬೇರೆ ದೇಶಗಳೇ ಇವೆ, ನಕಾಶೆ ತೆಗೆದು ನೋಡಬಹುದು. ಆ ಹುಡುಗಿ ಅಪಘಾತ ಮಾಡಿದವನನ್ನು ಕಂಡವಳೂ ಅಲ್ಲ. ಪೊಲೀಸರು ಕೆಲವರನ್ನು ಬಂಧಿಸಿದರು. 2014ರಲ್ಲಿ ಅರುಣಾಚಲದ ಯುವಕನೊಬ್ಬ ದೆಹಲಿಯಲ್ಲಿ ಹಲ್ಲೆಗೆ ಸಿಕ್ಕಿ ಸತ್ತಾಗ ಕೇಂದ್ರ ಸರಕಾರ ನೇಮಿಸಿದ್ದ ಬೆಜ್‌ಬರುವಾ ಸಮಿತಿ, ಜನಾಂಗದ ಹೆಸರಿನ ನಿಂದನೆ, ಹಲ್ಲೆಗಳಿಗೆ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಕಲಮು ಸೇರಿಸಲು ಹೇಳಿತ್ತು. ಅದು ಇದ್ದಿದ್ದರೆ ಬೆಂಗಳೂರಿನ ಆ ಮೊಕದ್ದಮೆಯಲ್ಲಿ ಬರೆಯುವುದಕ್ಕೆ ಸರಿಯಾದ ಹೆಸರು ಇರುತ್ತಿತ್ತು. ಆಗ ಬರೆಯುತ್ತಿದ್ದುದು ಹಲ್ಲೆ, ಗುಂಪುಗಾರಿಕೆ, ಆಸ್ತಿಹಾನಿ. ಯಾಕೆ ಹೊಡೆದರು ಎಂಬುದು ಕಡತದಲ್ಲಿ ಬರುತ್ತಿರಲಿಲ್ಲ.

ಮರಳಿ ಬೀದರಿಗೆ. ಪಟ್ಟಿಯಲ್ಲಿ ಇರುವ ಮೂರು ಜಿಲ್ಲೆಗಳು ಉತ್ತರ ಕನ್ನಡ, ಬೆಳಗಾವಿ, ಧಾರವಾಡ. ಹಬ್ಸಿಗಳು ಆಳಿದ, ಕೋಟೆ ಕಾಯ್ದ, ಮೂರು ದಿನ ಬೀದಿಯಲ್ಲಿ ಸತ್ತ ಬೀದರ್ ಅದರಲ್ಲಿಲ್ಲ. ಸಿದ್ದಿ ಮರ್ಜಾನನ ವಂಶದವನೊಬ್ಬ ಇಂದು ನಮ್ಮ ಶಾಲೆಗೆ ಮಗನನ್ನು ಸೇರಿಸಲು ಬಂದು, ರಜಿಸ್ಟರಿನಲ್ಲಿ ಸಿದ್ದಿ ಎಂದು ಬರೆಸಿದರೂ ಆ ಅಕ್ಷರಕ್ಕೆ ಈ ಜಿಲ್ಲೆಯಲ್ಲಿ ಕಾನೂನಿನ ಬಲ ಇಲ್ಲ.

ಮುಖ್ಯೋಪಾಧ್ಯಾಯರಿಗೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಪ್ರತಿ ವರ್ಷ ಮಕ್ಕಳನ್ನು ಕೋಟೆ, ಮದರಸಾ, ಚೌಬಾರಾಗಳಿಗೆ ಕರೆದೊಯ್ಯುವ ಪದ್ಧತಿ ಇದೆ. ಮುಂದಿನ ಸಲ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹಬ್ಸಿಕೋಟದ ದಿಬ್ಬವನ್ನೂ ಹತ್ತಿಸಬೇಕು. ಎಂಟನೆಯ ತರಗತಿಯವರು ಅಲ್ಲಿಯ ಗೋರಿಗಳನ್ನು ಎಣಿಸಿ, ಅಳತೆ ತೆಗೆದು, ನಕ್ಷೆ ಬರೆದು ತರಲಿ. ಯಾವುದಾದರೂ ಕಲ್ಲಿನ ಮೇಲೆ ಅಕ್ಷರ ಕಂಡರೆ ಚಿತ್ರ ತೆಗೆದುಕೊಳ್ಳಲಿ. ಪರ್ಶಿಯನ್ ಓದಬಲ್ಲವರು ಬೀದರಿನಲ್ಲಿ ಇನ್ನೂ ಇದ್ದಾರೆ, ಅವರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.